ಹೆಸರನ್ನು ಬಾಲದಿಂದ ಓದಿ

ಈ ತಿಂಗಳು ಬಂದ ಪತ್ರಗಳಲ್ಲಿ ಸಾವಯವ ರಸಾಯನಶಾಸ್ತ್ರದ್ದೇ ಸಿಂಹಪಾಲು. ಪಿಯುಸಿ ಮಕ್ಕಳು ಬರೆದದ್ದರಲ್ಲಿ ಆಶ್ಚರ್ಯವಿಲ್ಲ, ಅವರಿಗೆ ಪರೀಕ್ಷೆಯ ಚಿಂತೆ. ಆದರೆ ಕಬ್ಬು ಬೆಳೆಯುವವರು, ರಬ್ಬರ್ ತೋಟದವರು, ಗ್ಯಾರೇಜ್ ನಡೆಸುವವರೂ ಬರೆದಿದ್ದಾರೆ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ನನಗೆ ಇಂಥ ತರಗತಿ ಸಿಕ್ಕಿರಲಿಲ್ಲ. ಒಂದೇ ಷರತ್ತು: ಓದುವಾಗ ಪಕ್ಕದಲ್ಲಿ ಪೆನ್ಸಿಲ್ಲೂ ಒಂದು ಹಾಳೆಯೂ ಇರಲಿ. ಚಿತ್ರಗಳನ್ನು ನೀವೇ ಬರೆದುಕೊಳ್ಳಬೇಕು. ನಾನು ಬರೆದು ಕಳಿಸಿದರೆ ಜಾಗವಿಲ್ಲ ಎಂದು ಸಂಪಾದಕರು ತೆಗೆದುಹಾಕುತ್ತಾರೆ.

ಪ್ರಶ್ನೆ: ಮೇಡಂ, ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಸೈನ್ಸ್ ತಗೊಂಡಿದ್ದೇನೆ. ಸಂಯುಕ್ತಗಳ ಐಯುಪ್ಯಾಕ್ ಹೆಸರುಗಳು ಎಷ್ಟು ಉರು ಹೊಡೆದರೂ ತಲೆಯಲ್ಲಿ ನಿಲ್ಲುತ್ತಿಲ್ಲ. ಟೆಸ್ಟಿನಲ್ಲಿ ಒಂದು ಚಿತ್ರ ಕೊಟ್ಟಿದ್ದರು: ಅಡ್ಡಸಾಲಿನಲ್ಲಿ ಮೂರು ಇಂಗಾಲ, ನಡುವಿನದರ ಮೇಲೆ ಈಥೈಲ್ ಗುಂಪು. '2-ಈಥೈಲ್‌ಪ್ರೊಪೇನ್' ಎಂದು ಬರೆದೆ. ಸೊನ್ನೆ ಬಂತು. ಏನು ತಪ್ಪು?
– ಪ್ರಥಮ ಪಿಯುಸಿ ವಿದ್ಯಾರ್ಥಿನಿ, ಹೊಸದುರ್ಗ

ಉತ್ತರ: ಮಗೂ, ಮೊದಲು ಉರು ಹೊಡೆಯುವುದನ್ನು ಬಿಡು. ಬರೀ ಇಂಗಾಲ, ಹೈಡ್ರೋಜನ್ ಇರುವ ಆಲ್ಕೇನ್‌ಗಳನ್ನೇ ತಗೋ. ಐದು ಇಂಗಾಲವಿದ್ದರೆ ಮೂರು ಬಗೆಯಲ್ಲಿ ಜೋಡಿಸಬಹುದು, ಹತ್ತಿದ್ದರೆ 75 ಬಗೆ, ಇಪ್ಪತ್ತಿದ್ದರೆ 3,66,319 ಬಗೆ. ಇಷ್ಟನ್ನು ಉರು ಹೊಡೆಯುವ ತಲೆ ಯಾರಿಗೂ ಇಲ್ಲ, ನಿನಗೆ ಸೊನ್ನೆ ಕೊಟ್ಟವರಿಗೂ ಇಲ್ಲ. ಅದಕ್ಕೇ 1892ರಲ್ಲಿ ಯುರೋಪಿನ ರಸಾಯನವಿಜ್ಞಾನಿಗಳು ಜಿನೀವಾದಲ್ಲಿ ಸೇರಿ ಹೆಸರಿಡುವ ನಿಯಮ ಮಾಡಿದರು. 1919ರಲ್ಲಿ ಹುಟ್ಟಿದ ಐಯುಪ್ಯಾಕ್ ಎಂಬ ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಸಂಸ್ಥೆ ಆ ಕೆಲಸವನ್ನು ಮುಂದುವರಿಸಿಕೊಂಡು ಬಂದಿದೆ. ಹೆಸರು ಕೇಳಿದವರು ಅಣುವಿನ ಚಿತ್ರ ಬರೆಯಬೇಕು, ಚಿತ್ರ ನೋಡಿದವರು ಹೆಸರು ಹೇಳಬೇಕು, ಅಷ್ಟೇ ಅದರ ಗುರಿ.

ಈಗ ನಿನ್ನ ಸೊನ್ನೆಯ ವಿಚಾರ. ಆ ಚಿತ್ರವನ್ನು ಮತ್ತೆ ಬರೆ. ಅಡ್ಡಸಾಲಿನ ಎಡತುದಿಯ ಇಂಗಾಲದ ಮೇಲೆ ಬೆರಳಿಡು. ನಡುವಿನದಕ್ಕೆ ಬಾ. ಅಲ್ಲಿಂದ ನೇರ ಬಲಕ್ಕೆ ಹೋಗದೆ ಮೇಲಕ್ಕೆ, ಎರಡು ಇಂಗಾಲದ ಈಥೈಲ್ ಇರುವ ಕಡೆಗೆ ಹತ್ತು. ಎಷ್ಟಾಯಿತು? ನಾಲ್ಕು. ಹಾಗಾದರೆ ಅತಿ ಉದ್ದದ ಸರಪಳಿಯಲ್ಲಿ ನಾಲ್ಕು ಇಂಗಾಲ, ಅದು ಬ್ಯೂಟೇನ್. ಹೊರಗುಳಿದದ್ದು ಒಂದೇ ಇಂಗಾಲದ ಮೀಥೈಲ್. ಹೆಸರು 2-ಮೀಥೈಲ್‌ಬ್ಯೂಟೇನ್. ಉದ್ದದ ಸರಪಳಿ ಕಾಗದದ ಮೇಲೆ ನೆಟ್ಟಗೇ ಇರಬೇಕೆಂಬ ನಿಯಮ ಎಲ್ಲೂ ಇಲ್ಲ. ಅಣುವಿಗೆ ಅಡ್ಡ, ಉದ್ದ ಗೊತ್ತಿಲ್ಲ. ಒಂಟಿ ಬಂಧದ ಸುತ್ತ ಇಂಗಾಲಗಳು ಬಿಡುವಿಲ್ಲದೆ ತಿರುಗುತ್ತಿರುತ್ತವೆ. ಅವುಗಳ ನಡುವಿನ ಕೋನವೂ ಪುಸ್ತಕದ ಚಿತ್ರದಲ್ಲಿರುವ 90 ಡಿಗ್ರಿ ಅಲ್ಲ, ಸುಮಾರು 109.5 ಡಿಗ್ರಿ. ಒಂದು ಆಲೂಗಡ್ಡೆಗೆ ನಾಲ್ಕು ಹಿಡಿಕಡ್ಡಿಗಳನ್ನು ಒಂದರಿಂದ ಇನ್ನೊಂದು ಆದಷ್ಟು ದೂರ ಇರುವಂತೆ ಚುಚ್ಚು, ಆ ಕೋನ ತಾನಾಗಿ ಬರುತ್ತದೆ. ಅಂಥವು ಐದು ಮಾಡಿ ಜೋಡಿಸಿ ಕೈಯಲ್ಲಿ ತಿರುಗಿಸು. ಯಾವುದು ಅಡ್ಡಸಾಲು, ಯಾವುದು ಕೊಂಬೆ ಎಂದು ನೀನೇ ಹೇಳಲಾರೆ.

ಉತ್ತರ ತಾಳೆ ನೋಡುವ ಒಂದು ದಾರಿ ಹೇಳಿಕೊಡುತ್ತೇನೆ. ಆಲ್ಕೇನ್ ಸರಪಳಿಯ ಎರಡನೇ ಇಂಗಾಲದ ಮೇಲೆ ಈಥೈಲ್ ಎಂದು ನಿನ್ನ ಉತ್ತರದಲ್ಲಿ ಬಂದರೆ ಆ ಉತ್ತರ ಖಂಡಿತ ತಪ್ಪು, ಉದ್ದದ ಸರಪಳಿ ಕಣ್ತಪ್ಪಿದೆ. ಅಣುವಿನಲ್ಲಿ ಓಎಚ್ (ಒಂದು ಆಕ್ಸಿಜನ್, ಒಂದು ಹೈಡ್ರೋಜನ್) ತರದ ಗುಂಪು ಇದ್ದರೆ ಕತೆ ಬೇರೆ. ಆಗ ಮುಖ್ಯ ಸರಪಳಿ ಆ ಗುಂಪು ಇರುವ ಇಂಗಾಲವನ್ನು ಹಾದುಹೋಗಲೇಬೇಕು, ಆದ್ದರಿಂದ 2-ಈಥೈಲ್‌ಹೆಕ್ಸನ್-1-ಓಲ್ ಎಂಬ ಹೆಸರು ಸರಿಯಾದದ್ದೇ.

ಹೆಸರನ್ನು ಯಾವಾಗಲೂ ಬಾಲದಿಂದ ಓದು. ನಮ್ಮ ಕಡೆ ಹೆಸರಿನ ಮುಂದೆ ಇನಿಷಿಯಲ್ ಇರುವ ಹಾಗೆ: ಊರು, ಅಪ್ಪನ ಹೆಸರು ಮೊದಲು ಬರುತ್ತವೆ, ಆಸಾಮಿ ಯಾರೆಂದು ಗೊತ್ತಾಗುವುದು ಕೊನೆಯ ತುಂಡಿನಲ್ಲಿ. '3-ಈಥೈಲ್-2-ಮೀಥೈಲ್‌ಹೆಕ್ಸೇನ್' ತಗೋ. ಕೊನೆಯ 'ಏನ್' ನೋಡು: ಇಂಗಾಲಗಳ ನಡುವೆ ಎಲ್ಲವೂ ಒಂಟಿ ಬಂಧ. ಅದಕ್ಕೂ ಮುಂಚಿನ 'ಹೆಕ್ಸ್': ಸರಪಳಿಯಲ್ಲಿ ಆರು ಇಂಗಾಲ. ಆರನ್ನೂ ಬರೆದು ನಂಬರ್ ಹಾಕು. ಎರಡನೆಯದಕ್ಕೆ ಮೀಥೈಲ್, ಮೂರನೆಯದಕ್ಕೆ ಈಥೈಲ್ ಅಂಟಿಸು. ಪ್ರತಿ ಇಂಗಾಲಕ್ಕೂ ಒಟ್ಟು ನಾಲ್ಕು ಬಂಧ ಆಗುವಷ್ಟು ಹೈಡ್ರೋಜನ್ ತುಂಬು. ಮುಗಿಯಿತು. 'ಈನ್' ಎಂದಿದ್ದರೆ ಎಲ್ಲೋ ಜೋಡಿ ಬಂಧ, 'ಐನ್' ಎಂದಿದ್ದರೆ ತ್ರಿಬಂಧ, 'ಓಲ್' ಇದ್ದರೆ ಓಎಚ್, 'ಓನ್' ಇದ್ದರೆ ಸರಪಳಿಯ ನಡುವೆ ಆಕ್ಸಿಜನ್‌ಗೆ ಜೋಡಿ ಬಂಧ, 'ಆಲ್' ಇದ್ದರೆ ಅದೇ ಜೋಡಿ ಬಂಧ ತುದಿಯಲ್ಲಿ.

ಕನ್ನಡ ಮಾಧ್ಯಮದಿಂದ ಬಂದವರು ಎಡವುವ ಎರಡು ಜಾಗ ಇವೆ, ಇಂಗ್ಲಿಷಿನಲ್ಲಿ ಪಾಠ ಮಾಡುವವರು ಇದನ್ನು ಹೇಳಿಕೊಡುವುದಿಲ್ಲ. ಒಂದು, ಕೊಂಬೆಗಳನ್ನು ಅಕಾರಾದಿಯಲ್ಲಿ ಬರೆಯಬೇಕು ಎಂಬ ನಿಯಮ. ಅದು ಇಂಗ್ಲಿಷಿನ ಅಕಾರಾದಿ. ನಮ್ಮ ವರ್ಣಮಾಲೆಯಲ್ಲಿ ಕ ಮೊದಲು ಬಂದು ಬ ಆಮೇಲೆ ಬರುತ್ತದೆ, ಹಾಗಾಗಿ ಕೈ ತಾನಾಗಿ '1-ಕ್ಲೋರೊ-2-ಬ್ರೋಮೊಈಥೇನ್' ಎಂದು ಬರೆದುಬಿಡುತ್ತದೆ. ಇಂಗ್ಲಿಷಿನಲ್ಲಿ ಬ್ರೋಮೊದ 'ಬಿ' ಮೊದಲು, ಕ್ಲೋರೊದ 'ಸಿ' ಆಮೇಲೆ. ಸರಿಯಾದ ಹೆಸರು 1-ಬ್ರೋಮೊ-2-ಕ್ಲೋರೊಈಥೇನ್, 1 ಎಂಬ ನಂಬರೂ ಬ್ರೋಮೊಗೇ ಹೋಗುತ್ತದೆ. ಎರಡು, ಮೂರು ಎಂದು ಸೂಚಿಸುವ ಡೈ, ಟ್ರೈಗಳನ್ನು ಅಕಾರಾದಿಗೆ ಲೆಕ್ಕ ಹಿಡಿಯಬಾರದು. ಎರಡು, 'ಎಥನಾಲ್' ಎಂದು ಕನ್ನಡದಲ್ಲಿ ಬರೆದರೆ ಅದು 'ಓಲ್' ಬಾಲದ ಆಲ್ಕೋಹಾಲೋ 'ಆಲ್' ಬಾಲದ ಆಲ್ಡಿಹೈಡೋ ಎಂದು ತಿಳಿಯುವುದಿಲ್ಲ. ನೋಟ್ಸಿನಲ್ಲಿ ಆಲ್ಕೋಹಾಲನ್ನು 'ಎಥನೋಲ್' ಎಂದೇ ಬರೆದುಕೋ, ಪತ್ರಿಕೆಯವರು ಏನೇ ಬರೆಯಲಿ.

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನಾವು ಸಾವಯವ ಪದ್ಧತಿಯಲ್ಲಿ ಕಬ್ಬು ಬೆಳೆದು ಬೆಲ್ಲ ಮಾಡುತ್ತೇವೆ. ಹೊಲಕ್ಕೆ ಯೂರಿಯಾ ಸೋಕಿಸುವ ಹಾಗಿಲ್ಲ. ಮಗಳ ಪುಸ್ತಕದಲ್ಲಿ ನೋಡಿದರೆ ಯೂರಿಯಾವನ್ನೇ ಸಾವಯವ ಸಂಯುಕ್ತ ಎಂದು ಬರೆದಿದ್ದಾರೆ. ಯಾರು ಹೇಳುವುದು ನಿಜ?
– ರೈತರು, ಮದ್ದೂರು ತಾಲ್ಲೂಕು

ಉತ್ತರ: ಅಣ್ಣಾ, ಮಗಳ ಪುಸ್ತಕವೂ ನಿಜ, ನಿಮ್ಮ ಹೊಲದ ನಿಯಮವೂ ನಿಜ. ಕೃಷಿಯವರು ಸಾವಯವ ಅನ್ನುವುದು ಬೆಳೆಸುವ ರೀತಿಯನ್ನು ನೋಡಿ. ರಸಾಯನಶಾಸ್ತ್ರದವರು ಅನ್ನುವುದು ಅಣುವಿನೊಳಗಿನ ಇಂಗಾಲವನ್ನು ನೋಡಿ. ಈ ಗೊಂದಲದ ಬುಡದಲ್ಲಿ ಇರುವುದೂ ಯೂರಿಯಾವೇ.

ಇನ್ನೂರು ವರ್ಷಗಳ ಹಿಂದೆ ವಿಜ್ಞಾನಿಗಳೂ ನಿಮ್ಮ ಹಾಗೆಯೇ ಯೋಚಿಸುತ್ತಿದ್ದರು. ಸಕ್ಕರೆ, ಎಣ್ಣೆ, ಮೂತ್ರದಲ್ಲಿರುವ ಯೂರಿಯಾ ಇವೆಲ್ಲ ಜೀವಿಗಳ ಒಡಲಿನಲ್ಲೇ ಆಗಬೇಕು, ಅವಕ್ಕೆ ಯಾವುದೋ ಜೀವಶಕ್ತಿ ಬೇಕು, ಪ್ರಯೋಗಶಾಲೆಯಲ್ಲಿ ಆಗುವ ಮಾತಲ್ಲ ಎಂದು. ಬರ್ಲಿನ್ನಿನಲ್ಲಿ ಫ್ರೀಡ್ರಿಶ್ ವೋಲರ್ ಎಂಬವನು 1828ರಲ್ಲಿ ಅಮೋನಿಯಂ ಸಯನೇಟ್ ಎಂಬ ಲವಣ ಮಾಡಲು ಹೊರಟ. ಸಿಲ್ವರ್ ಸಯನೇಟಿಗೆ ಅಮೋನಿಯಂ ಕ್ಲೋರೈಡ್ ಸೇರಿಸಿ, ದ್ರಾವಣವನ್ನು ಕಾಯಿಸಿ ಇಂಗಿಸಿದ. ಬಿಳಿಯ ಹರಳು ಬಂತು. ಪರೀಕ್ಷಿಸಿದರೆ ಅದು ಸಯನೇಟಿನ ಹಾಗೆ ವರ್ತಿಸಲೇ ಇಲ್ಲ, ಮೂತ್ರದಿಂದ ತೆಗೆದ ಯೂರಿಯಾಕ್ಕೂ ಅದಕ್ಕೂ ಏನೂ ವ್ಯತ್ಯಾಸ ಕಾಣಲಿಲ್ಲ. ತನ್ನ ಗುರು ಬರ್ಸೀಲಿಯಸ್‌ಗೆ ಕಾಗದ ಬರೆದ: ಮನುಷ್ಯನದಾಗಲಿ ನಾಯಿಯದಾಗಲಿ, ಮೂತ್ರಪಿಂಡದ ಹಂಗಿಲ್ಲದೆ ನಾನು ಯೂರಿಯಾ ಮಾಡಬಲ್ಲೆ ಎಂದು. ಜೀವಶಕ್ತಿಯ ವಾದ ಅವತ್ತೇ ಸತ್ತಿತು ಎಂದು ಕೆಲವು ಪುಸ್ತಕಗಳು ಬರೆಯುತ್ತವೆ. ಅಷ್ಟು ಸುಲಭವಾಗಿ ಯಾವ ವಾದವೂ ಸಾಯುವುದಿಲ್ಲ, ಮುಂದೆ ಕೆಲವು ದಶಕ ಎಳೆದಾಡಿತು.

ಈ ಕತೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಬೇರೆಯೇ. ಅಮೋನಿಯಂ ಸಯನೇಟಿನಲ್ಲಿ ಒಂದು ಇಂಗಾಲ, ಒಂದು ಆಕ್ಸಿಜನ್, ಎರಡು ನೈಟ್ರೋಜನ್, ನಾಲ್ಕು ಹೈಡ್ರೋಜನ್. ಯೂರಿಯಾದಲ್ಲೂ ಅವೇ, ಅಷ್ಟೇ. ಕಾಯಿಸಿದಾಗ ಒಂದು ಪರಮಾಣು ಹೊರಗಿನಿಂದ ಬರಲಿಲ್ಲ, ಒಂದು ಹೊರಹೋಗಲಿಲ್ಲ. ಮೊದಲಿನದರಲ್ಲಿ ಸಾರಜನಕ ಒಂದು ನಾಲ್ಕು ಹೈಡ್ರೋಜನ್ ಕಟ್ಟಿಕೊಂಡು ಬೇರೆ ಅಯಾನಾಗಿ, ಅಂದರೆ ವಿದ್ಯುದಂಶ ಹೊತ್ತ ಕಣವಾಗಿ ನಿಂತಿತ್ತು, ಇನ್ನೊಂದು ಇಂಗಾಲದ ಜೊತೆಗಿತ್ತು. ಯೂರಿಯಾದಲ್ಲಿ ಇಂಗಾಲ ನಡುವೆ ಕೂತಿದೆ, ಅದಕ್ಕೆ ಜೋಡಿ ಬಂಧದಿಂದ ಒಂದು ಆಕ್ಸಿಜನ್, ಎರಡು ಪಕ್ಕದಲ್ಲೂ ಎರಡೆರಡು ಹೈಡ್ರೋಜನ್ ಹೊತ್ತ ಸಾರಜನಕ. ಯಾವುದು ಯಾವುದಕ್ಕೆ ಅಂಟಿದೆ ಎಂಬುದು ಬದಲಾಯಿತು, ವಸ್ತುವೇ ಬೇರೆಯಾಯಿತು. ಇವನ್ನು ಐಸೋಮರ್‌ಗಳು ಅನ್ನುತ್ತಾರೆ. ಇದೊಂದು ಅರ್ಥವಾದರೆ ಮಗಳ ಪುಸ್ತಕದ ಉಳಿದ ಅಧ್ಯಾಯ ನೀವೇ ಅವಳಿಗೆ ಹೇಳಿಕೊಡಬಹುದು.

ಇವತ್ತು ಕಾರ್ಖಾನೆಗಳಲ್ಲಿ, ನಮ್ಮ ಮಂಗಳೂರಿನ ಪಣಂಬೂರಿನದೂ ಸೇರಿ, ಅಮೋನಿಯಾಕ್ಕೆ ಕಾರ್ಬನ್ ಡೈಆಕ್ಸೈಡನ್ನು ಹೆಚ್ಚಿನ ಒತ್ತಡ, ಶಾಖದಲ್ಲಿ ಕೂಡಿಸಿ ಯೂರಿಯಾ ಮಾಡುತ್ತಾರೆ. ತೂಕದಲ್ಲಿ ಶೇಕಡಾ 46ರಷ್ಟು ಸಾರಜನಕ. 45 ಕಿಲೋ ಮೂಟೆಯಲ್ಲಿ 20 ಕಿಲೋಗೂ ಮಿಗಿಲು. ಹಸುವಿನ ಗಂಜಲದ ಯೂರಿಯಾ, ಮೂಟೆಯ ಯೂರಿಯಾ ಎರಡರ ಅಣುವೂ ಒಂದೇ. ಹಾಗೆಂದು ಮೇಡಂ ಮೂಟೆ ಸುರಿಯಲು ಹೇಳಿದರು ಎಂದು ಊರಲ್ಲಿ ಹೇಳಬೇಡಿ. ಗಂಜಲದ ಜೊತೆ ಬೇರೆ ಎಷ್ಟೋ ಹೋಗುತ್ತದೆ, ಮೂಟೆಯಿಂದ ಒಮ್ಮೆಲೇ ಬೀಳುವ ಪ್ರಮಾಣವೂ ಬೇರೆ. ನಿಮ್ಮ ಸರ್ಟಿಫಿಕೇಟಿನ ನಿಯಮ ಇರುವುದು ಅದಕ್ಕಾಗಿ.

ಪ್ರಶ್ನೆ: ನೀವು ಆನ್‌ಲೈನ್ ಟ್ಯೂಷನ್ ಮಾಡುತ್ತೀರಾ?
– ಪೋಷಕರು, ತುಮಕೂರು

ಉತ್ತರ: ಇಲ್ಲ.

ಪ್ರಶ್ನೆ: ಅಕ್ಕಾ, ಕಾರ್ಕಳದ ಅಮ್ಮನ ಮನೆಯಿಂದ ತಂದ ತೆಂಗಿನೆಣ್ಣೆ ಬೆಂಗಳೂರಿನಲ್ಲಿ ಡಿಸೆಂಬರ್ ಬಂದರೆ ಬಾಟ್ಲಿಯಲ್ಲೇ ಗಟ್ಟಿಯಾಗುತ್ತದೆ. ಪಕ್ಕದಲ್ಲಿರುವ ಕಡಲೆಕಾಯಿ ಎಣ್ಣೆಗೆ ಏನೂ ಆಗುವುದಿಲ್ಲ. ಕಲಬೆರಕೆಯಾ? ಬಿಸ್ಕತ್ತಿನ ಪ್ಯಾಕೆಟ್ ಮೇಲೆ 'ಟ್ರಾನ್ಸ್ ಫ್ಯಾಟ್' ಎಂದು ಬರೆದಿರುತ್ತಾರಲ್ಲ, ಅದೇನು?
– ಗೃಹಿಣಿ, ಬೆಂಗಳೂರು

ಉತ್ತರ: ತಂಗೀ, ಗಟ್ಟಿಯಾದದ್ದಕ್ಕೆ ಅಮ್ಮನನ್ನು ಅನುಮಾನಿಸಬೇಡ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವುದೇ ಸರಿ. ಬೆಂಗಳೂರಿನ ಡಿಸೆಂಬರ್ ರಾತ್ರಿಗೂ ಅದು ನೀರಾಗಿಯೇ ಇದ್ದರೆ ಆಗ ವಿಚಾರಿಸು.

ನಿನ್ನ ಎರಡು ಪ್ರಶ್ನೆಗೂ ಉತ್ತರ ಜೋಡಿ ಬಂಧದಲ್ಲಿದೆ. ಎಣ್ಣೆ ಯಾವುದೇ ಇರಲಿ, ಅದರ ಅಣುವಿಗೆ ಬೆನ್ನೆಲುಬು ಗ್ಲಿಸರಾಲ್, ಅಂದರೆ ಪ್ರೊಪೇನ್-1,2,3-ಟ್ರೈಓಲ್. ಬಾಲದಿಂದ ಓದಿದರೆ: ಓಎಚ್ ಗುಂಪು ಮೂರು, 1, 2, 3ನೇ ಇಂಗಾಲಗಳ ಮೇಲೆ. ಆ ಮೂರು ಕಡೆಯೂ ಒಂದೊಂದು ಉದ್ದನೆಯ ಕೊಬ್ಬಿನಾಮ್ಲ ಜೋತುಬಿದ್ದಿರುತ್ತದೆ. ತೆಂಗಿನೆಣ್ಣೆಯಲ್ಲಿ ಸುಮಾರು ಅರ್ಧ ಲಾರಿಕ್ ಆಮ್ಲ. 12 ಇಂಗಾಲ, ಎಲ್ಲವೂ ಒಂಟಿ ಬಂಧ. ಇಂಥ ಸರಪಳಿ ನೆಟ್ಟಗೆ ಚಾಚಿಕೊಂಡು ಪಕ್ಕದ ಸರಪಳಿಗೆ ಒತ್ತಾಗಿ ಕೂರುತ್ತದೆ, ಬೇಗ ಹೆಪ್ಪಾಗುತ್ತದೆ.

ಕಡಲೆಕಾಯಿ ಎಣ್ಣೆಯಲ್ಲಿ ಹೆಚ್ಚಾಗಿರುವುದು ಒಲೀಕ್ ಆಮ್ಲ, ಲಿನೊಲೀಕ್ ಆಮ್ಲ. ಒಲೀಕ್‌ನಲ್ಲಿ 18 ಇಂಗಾಲ, ಅದರಲ್ಲಿ ಒಂಬತ್ತು ಮತ್ತು ಹತ್ತನೆಯದರ ನಡುವೆ ಜೋಡಿ ಬಂಧ. ಜೋಡಿ ಬಂಧದಲ್ಲಿ ಎರಡು ಬಂಧಗಳೂ ಒಂದೇ ತರದವಲ್ಲ. ಒಂದು ಇಂಗಾಲಗಳ ನಡುವಿನ ನೇರ ರೇಖೆಯಲ್ಲಿದೆ, ಅದು ಸಿಗ್ಮಾ. ಇನ್ನೊಂದು ಆ ರೇಖೆಯ ಮೇಲೂ ಕೆಳಗೂ ಹರಡಿಕೊಂಡಿದೆ, ಅದು ಪೈ. ತಿರುಗಿಸಲು ಹೋದರೆ ಪೈ ಬಂಧ ಮುರಿಯಬೇಕಾಗುತ್ತದೆ, ಅದಕ್ಕೆ ಬೇಕಾಗುವ ಶಕ್ತಿ ಮೋಲ್‌ಗೆ (ಅಣುಗಳ ಒಂದು ನಿಗದಿತ ಎಣಿಕೆಗೆ) ಸುಮಾರು 260 ಕಿಲೋಜೂಲ್, ಅಡುಗೆಮನೆಯ ಶಾಖಕ್ಕೆ ದಕ್ಕುವಂಥದ್ದಲ್ಲ. ಆದ್ದರಿಂದ ಜೋಡಿ ಬಂಧದ ಆಚೀಚಿನ ಸರಪಳಿ ಹೇಗೆ ಕೂತಿದೆಯೋ ಹಾಗೇ ಉಳಿಯುತ್ತದೆ. ಎರಡೂ ತುಂಡು ಒಂದೇ ಬದಿಗಿದ್ದರೆ ಸಿಸ್, ಎದುರುಬದುರು ಬದಿಗಿದ್ದರೆ ಟ್ರಾನ್ಸ್.

ಗಿಡಗಳು ಮಾಡುವ ಒಲೀಕ್ ಆಮ್ಲ ಸಿಸ್. ನಡುವೆ ಮೊಣಕೈ ಹಾಗೆ ಬಾಗಿರುತ್ತದೆ, ಒತ್ತಾಗಿ ಜೋಡಿಸಲು ಬರುವುದಿಲ್ಲ, 13 ಡಿಗ್ರಿ ಆಸುಪಾಸಿಗೆ ಕರಗುತ್ತದೆ. ಅದೇ 18 ಇಂಗಾಲ, ಅದೇ ಒಂಬತ್ತನೇ ಜಾಗದ ಜೋಡಿ ಬಂಧ, ಆದರೆ ಟ್ರಾನ್ಸ್ ಆದದ್ದು ಇಲೈಡಿಕ್ ಆಮ್ಲ. ಅದು ಹೆಚ್ಚುಕಡಿಮೆ ನೆಟ್ಟಗಿದೆ, ಕರಗಲು 45 ಡಿಗ್ರಿ ಬೇಕು. ಜೋಡಿ ಬಂಧವೇ ಇಲ್ಲದ 18 ಇಂಗಾಲದ ಸ್ಟಿಯರಿಕ್ ಆಮ್ಲಕ್ಕೆ 69 ಡಿಗ್ರಿ.

ವನಸ್ಪತಿ ಮಾಡುವವರು ಎಣ್ಣೆಗೆ ನಿಕ್ಕಲ್ ಪುಡಿಯ ನೆರವಿನಿಂದ ಹೈಡ್ರೋಜನ್ ಕೂಡಿಸಿ ಪೈ ಬಂಧಗಳನ್ನು ತೆಗೆಯುತ್ತಾರೆ. ಕೆಲಸ ಅರ್ಧಕ್ಕೆ ನಿಂತಲ್ಲಿ ಕೆಲವು ಸಿಸ್ ಬಂಧಗಳು ನಿಕ್ಕಲ್ ಮೇಲೆ ಬಿಚ್ಚಿಕೊಂಡು ಮತ್ತೆ ಕಟ್ಟಿಕೊಳ್ಳುವಾಗ ಟ್ರಾನ್ಸ್ ಆಗಿಬಿಡುತ್ತವೆ. ಪ್ಯಾಕೆಟ್ಟಿನ ಟ್ರಾನ್ಸ್ ಫ್ಯಾಟ್ ಅದೇ, ಹೃದಯಕ್ಕೆ ಕೇಡು. ನಮ್ಮ ದೇಶದಲ್ಲಿ 2022ರ ಜನವರಿಯಿಂದ ಎಣ್ಣೆ, ಕೊಬ್ಬುಗಳಲ್ಲಿ ಇದು ಶೇಕಡಾ 2 ಮೀರಬಾರದು ಎಂಬ ನಿಯಮವಿದೆ. ಪ್ಯಾಕೆಟ್ ತಿರುಗಿಸಿ ಓದುವ ಅಭ್ಯಾಸ ಒಳ್ಳೆಯದು, ಬಿಡಬೇಡ.

ಪ್ರಶ್ನೆ: ರಬ್ಬರ್ ಹಾಲು ಹೆಪ್ಪಿಸಲು ಫಾರ್ಮಿಕ್ ಆಸಿಡ್ ತರುತ್ತೇವೆ. ಕಾಲೇಜಿಗೆ ಹೋಗುವ ಅಳಿಯ 'ಅದು ಹಳೇ ಹೆಸರು ಮಾವ, ಮೆಥನೋಯಿಕ್ ಆಸಿಡ್ ಅನ್ನಬೇಕು' ಎನ್ನುತ್ತಾನೆ. ಎರಡೂ ಒಂದೆಯಾ?
– ಕೃಷಿಕರು, ಸುಳ್ಯ

ಉತ್ತರ: ಒಂದೇ. ಒಂದೇ ಇಂಗಾಲದ ಆಮ್ಲ, ಆದ್ದರಿಂದ 'ಮೆಥ್'. ಆಮ್ಲದ ಗುಂಪಿನಲ್ಲಿರುವ ಇಂಗಾಲವನ್ನೂ ಎಣಿಕೆಗೆ ಸೇರಿಸಬೇಕು, ಹುಡುಗರು ಅದನ್ನು ಬಿಟ್ಟು ಎಣಿಸುತ್ತಾರೆ. ಎರಡು ಇಂಗಾಲದ್ದು ಎಥನೋಯಿಕ್, ಅಂದರೆ ವಿನೆಗರ್‌ನ ಆಮ್ಲ. ಅಳಿಯನಿಗೆ ಇಷ್ಟು ಹೇಳಿ ರಾಯರೇ: ಐಯುಪ್ಯಾಕ್ 2013ರಲ್ಲಿ ಹೊರಡಿಸಿದ ನಿಯಮಗಳಲ್ಲಿ ಫಾರ್ಮಿಕ್, ಅಸಿಟಿಕ್ ಎರಡನ್ನೂ ಮೊದಲ ಆಯ್ಕೆಯ ಹೆಸರುಗಳಾಗಿ ಉಳಿಸಿಕೊಂಡಿದೆ. ಪರೀಕ್ಷೆಯಲ್ಲಿ ಮಾತ್ರ ಅವನು ಮೆಥನೋಯಿಕ್ ಎಂದೇ ಬರೆಯಲಿ, ಮಾರ್ಕು ಕೊಡುವವರು ಪಠ್ಯಪುಸ್ತಕ ನೋಡಿಯೇ ಕೊಡುವುದು.

ಫಾರ್ಮಿಕ್ ಎಂಬ ಹೆಸರು ಬಂದದ್ದು ಇರುವೆಯಿಂದ. ಇಂಗ್ಲೆಂಡಿನ ಜಾನ್ ರೇ 1671ರಲ್ಲಿ ಇರುವೆಗಳನ್ನು ಬಟ್ಟಿ ಇಳಿಸಿ ಈ ಆಮ್ಲದ ವಿಚಾರ ಬರೆದಿದ್ದ. ನಮ್ಮ ಮಲೆನಾಡಿನ ಚಗಳಿ ಚಟ್ನಿ ತಿಂದವರಿಗೆ ಆ ಹುಳಿಯ ಪರಿಚಯ ಉಂಟು. ಹಾಲು ಹೆಪ್ಪಾಗುವುದು ಹೀಗೆ: ರಬ್ಬರ್ ಕಣಗಳು ಋಣ ವಿದ್ಯುದಂಶ ಹೊತ್ತು ಒಂದನ್ನೊಂದು ತಳ್ಳುತ್ತ ತೇಲುತ್ತಿರುತ್ತವೆ, ಆಮ್ಲ ಬಿಟ್ಟುಕೊಡುವ ಹೈಡ್ರೋಜನ್ ಅಯಾನು ಆ ಋಣವನ್ನು ತೀರಿಸುತ್ತದೆ, ಕಣಗಳು ಕೂಡಿಕೊಳ್ಳುತ್ತವೆ. ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ ಶೇಕಡಾ 85ರದ್ದು. ಬಕೆಟ್ಟಿನ ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರು ಹಾಕಬಾರದು. ಕೈಗೆ ಗ್ಲೌಸ್ ಇರಲಿ, ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ.

ಅಂದ ಹಾಗೆ, ಕಳ್ಳಭಟ್ಟಿಯಲ್ಲಿ ಮೆಥನೋಲ್ ಸೇರಿದ್ದರೆ ಕುಡಿದವರು ಕಣ್ಣು ಕಳೆದುಕೊಳ್ಳುವುದು ಇದೇ ಆಮ್ಲದಿಂದ. ದೇಹದೊಳಗೆ ಮೆಥನೋಲ್ ಮೊದಲು ಮೆಥನಾಲ್ ಎಂಬ ಆಲ್ಡಿಹೈಡ್, ಆಮೇಲೆ ಫಾರ್ಮಿಕ್ ಆಮ್ಲವಾಗುತ್ತದೆ.

ಪ್ರಶ್ನೆ: ಬೆಂಜೀನ್‌ಗೆ ಕೆಕುಲೆ ಬರೆದ ಎರಡು ಚಿತ್ರಗಳಿವೆ, ಜೋಡಿ ಬಂಧಗಳ ಜಾಗ ಮಾತ್ರ ಅದಲುಬದಲು. ಅಣು ಈ ಎರಡರ ನಡುವೆ ಹಿಂದೆ ಮುಂದೆ ಓಡಾಡುತ್ತಿರುತ್ತದೆ, ಅದೇ ರೆಸೊನೆನ್ಸ್ ಎಂದು ನಮಗೆ ಹೇಳಿದ್ದಾರೆ. ಯಾವ ಕ್ಷಣದಲ್ಲಿ ಯಾವುದು ಇರುತ್ತದೆ? ಕೆಲವರು ಒಳಗೆ ವೃತ್ತ ಬರೆಯುತ್ತಾರೆ, ಅದು ಸರಿಯೇ?
– ಬಿಎಸ್ಸಿ ವಿದ್ಯಾರ್ಥಿ, ಧಾರವಾಡ

ಉತ್ತರ: ಯಾವ ಕ್ಷಣದಲ್ಲೂ ಎರಡೂ ಇರುವುದಿಲ್ಲಪ್ಪ. ಓಡಾಟದ ಮಾತು ಜರ್ಮನಿಯ ರಸಾಯನವಿಜ್ಞಾನಿ ಕೆಕುಲೆಯದೇ. 1865ರಲ್ಲಿ ಅವನು ಆರು ಇಂಗಾಲದ ಉಂಗುರ ಸೂಚಿಸಿದಾಗ ಒಂದು ಆಕ್ಷೇಪ ಬಂತು. ಒಂಟಿ, ಜೋಡಿ ಬಂಧಗಳು ನಿಜವಾಗಿ ಬೇರೆ ಬೇರೆಯಾಗಿದ್ದರೆ ಅಕ್ಕಪಕ್ಕದ ಇಂಗಾಲಗಳಲ್ಲಿ ಎರಡು ಬ್ರೋಮಿನ್ ಇರುವ ಬೆಂಜೀನ್ ಎರಡು ಬಗೆ ಇರಬೇಕಿತ್ತು: ಬ್ರೋಮಿನ್‌ಗಳ ನಡುವೆ ಜೋಡಿ ಬಂಧ ಇರುವುದು ಒಂದು, ಒಂಟಿ ಬಂಧ ಇರುವುದು ಇನ್ನೊಂದು. ಎಷ್ಟು ಹುಡುಕಿದರೂ ಸಿಕ್ಕಿದ್ದು ಒಂದೇ. ಬಂಧಗಳು ವೇಗವಾಗಿ ಜಾಗ ಬದಲಿಸುತ್ತವೆ ಎಂದು 1872ರಲ್ಲಿ ಅವನು ಸಮಜಾಯಿಷಿ ಕೊಟ್ಟ. ಆ ಕಾಲಕ್ಕೆ ಅದು ಜಾಣ ಉತ್ತರ. ಈಗಲೂ ಅದನ್ನೇ ಪಾಠ ಮಾಡುತ್ತಿರುವುದು ಮಾತ್ರ ಸರಿಯಲ್ಲ.

ಅಳತೆ ನೋಡು. ಇಂಗಾಲ–ಇಂಗಾಲ ಒಂಟಿ ಬಂಧದ ಉದ್ದ 154 ಪಿಕೋಮೀಟರ್, ಜೋಡಿ ಬಂಧದ್ದು 134. ಬೆಂಜೀನಿನಲ್ಲಿ ಆರೂ ಬಂಧಗಳು 139. ಒಂದು ಉದ್ದ ಒಂದು ಗಿಡ್ಡ ಎಂಬುದೇ ಇಲ್ಲ. ಕ್ಯಾಥ್ಲೀನ್ ಲಾನ್ಸ್‌ಡೇಲ್ ಎಂಬ ವಿಜ್ಞಾನಿ 1929ರಲ್ಲಿ ಹೆಕ್ಸಾಮೀಥೈಲ್‌ಬೆಂಜೀನ್ ಹರಳಿಗೆ ಎಕ್ಸ್-ರೇ ಹಾಯಿಸಿ ಉಂಗುರ ಚಪ್ಪಟೆಯಾಗಿದೆ, ಸಮ ಷಟ್ಕೋನವಾಗಿದೆ ಎಂದು ತೋರಿಸಿಕೊಟ್ಟಳು. ಹಾವು ತನ್ನ ಬಾಲ ಕಚ್ಚಿದ ಕೆಕುಲೆಯ ಕನಸನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಅವನು ಅದನ್ನು ಹೇಳಿದ್ದೇ 25 ವರ್ಷ ಕಳೆದು, 1890ರ ಸನ್ಮಾನ ಸಭೆಯಲ್ಲಿ. ಕನಸಿಗೆ ಒಂದು ಪುಟ ಕೊಟ್ಟು ಲಾನ್ಸ್‌ಡೇಲ್‌ಗೆ ಒಂದು ಸಾಲೂ ಕೊಡದ ಪುಸ್ತಕಗಳ ಮೇಲೆ ನನಗೆ ತಕರಾರಿದೆ.

ಇನ್ನೊಂದು ಸಾಕ್ಷಿ ಶಾಖದ್ದು. ಒಂದು ಜೋಡಿ ಬಂಧವಿರುವ ಸೈಕ್ಲೊಹೆಕ್ಸೀನ್‌ಗೆ ಹೈಡ್ರೋಜನ್ ಸೇರಿಸಿದರೆ ಮೋಲ್‌ಗೆ 120 ಕಿಲೋಜೂಲ್ ಹೊರಬರುತ್ತದೆ. ಮೂರು ಜೋಡಿ ಬಂಧ ಇದ್ದಿದ್ದರೆ ಬೆಂಜೀನ್‌ನಿಂದ 360 ಬರಬೇಕು. ಬರುವುದು 208. ಶಕ್ತಿಯ ಲೆಕ್ಕದಲ್ಲಿ ಆ 152ರಷ್ಟು ಬೆಂಜೀನ್ ಮೊದಲೇ ತಗ್ಗಿನಲ್ಲಿ ಕೂತಿದೆ, ಅದಕ್ಕೇ ಬ್ರೋಮಿನ್ ನೀರಿನ ಬಣ್ಣವನ್ನೂ ಸುಲಭವಾಗಿ ಕಳೆಯುವುದಿಲ್ಲ. ಆರು ಪೈ ಎಲೆಕ್ಟ್ರಾನುಗಳು ಆರು ಇಂಗಾಲಗಳಿಗೂ ಒಟ್ಟಾಗಿ ಸೇರಿವೆ. ನಮ್ಮ ಗೆರೆಗಳ ಪದ್ಧತಿಗೆ ಅದನ್ನು ಒಂದೇ ಚಿತ್ರದಲ್ಲಿ ಹೇಳಲು ಬಾರದು, ಆದ್ದರಿಂದ ಎರಡು ಚಿತ್ರ ಬರೆದು ನಡುವೆ ಇಬ್ಬದಿಯ ಬಾಣ ಹಾಕುತ್ತೇವೆ. ಸಮತೋಲದ ಎರಡು ಬಾಣ ಬೇರೆ, ಈ ಒಂದು ಬಾಣ ಬೇರೆ, ಉತ್ತರಪತ್ರಿಕೆಯಲ್ಲಿ ಕಲಸಬೇಡ.

ವೃತ್ತ ಬರೆಯುವುದು ಬೆಂಜೀನ್ ಒಂದಕ್ಕಾದರೆ ಸರಿ. ಕ್ರಿಯೆಯ ಹಂತ ತೋರಿಸಬೇಕಾದಾಗ ಎಲೆಕ್ಟ್ರಾನ್ ಎಣಿಸಬೇಕು, ಆಗ ಗೆರೆಗಳೇ ಬೇಕು. ನುಸಿಗುಳಿಗೆಯ ನ್ಯಾಫ್ತಲೀನ್‌ಗೆ ಎರಡು ವೃತ್ತ ಬರೆಯುವವರನ್ನು ನಾನು ನಿಲ್ಲಿಸಿ ಕೇಳುತ್ತಿದ್ದೆ: ವೃತ್ತಕ್ಕೆ ಆರರಂತೆ 12 ಎಲೆಕ್ಟ್ರಾನ್ ಆಯಿತು, ಇರುವುದು 10, ಉಳಿದೆರಡು ಎಲ್ಲಿಂದ ತಂದೆ? ಅಲ್ಲಿ ಬಂಧಗಳೆಲ್ಲ ಒಂದೇ ಉದ್ದವೂ ಅಲ್ಲ, 1–2ರ ನಡುವಿನದು 2–3ರ ನಡುವಿನದಕ್ಕಿಂತ ಗಿಡ್ಡ.

ಪ್ರಶ್ನೆ: ಪುದೀನದ ವಾಸನೆ ಮತ್ತು ಸಬ್ಬಸಿಗೆ ಬೀಜದ ವಾಸನೆ ಒಂದೇ ವಸ್ತುವಿನದು ಎಂದು ಮಗ ಹೇಳುತ್ತಾನೆ. ಹೋಟೆಲ್ ಅಡುಗೆಯಲ್ಲಿ ಕೂದಲು ಹಣ್ಣಾದವನು ನಾನು, ನನ್ನ ಮೂಗನ್ನು ನಂಬಲೋ ಮಗನನ್ನೋ?
– ಹೋಟೆಲ್ ಮಾಲೀಕರು, ಬಸವನಗುಡಿ

ಉತ್ತರ: ಮೂಗನ್ನೇ ನಂಬಿ, ಆದರೆ ಮಗನನ್ನು ಬೈಯಬೇಡಿ. ಎರಡರಲ್ಲೂ ಇರುವುದು ಕಾರ್ವೋನ್. 10 ಇಂಗಾಲ, 14 ಹೈಡ್ರೋಜನ್, ಒಂದು ಆಕ್ಸಿಜನ್. ಯಾವುದು ಯಾವುದಕ್ಕೆ ಅಂಟಿದೆ ಎಂಬುದೂ ಎರಡರಲ್ಲಿ ಒಂದೇ, ಐಯುಪ್ಯಾಕ್ ಹೆಸರಿನ ಮುಖ್ಯ ಭಾಗವೂ ಒಂದೇ. ವ್ಯತ್ಯಾಸ ಇರುವುದು ಉಂಗುರದ ಐದನೇ ಇಂಗಾಲದಲ್ಲಿ. ಅದರ ನಾಲ್ಕು ಬಂಧಗಳಿಗೂ ನಾಲ್ಕು ಬೇರೆ ಬೇರೆ ಗುಂಪು ಸೇರಿವೆ. ಮೇಲೆ ಹೇಳಿದ ಆಲೂಗಡ್ಡೆ ಎರಡು ತಗೊಂಡು ಹಿಡಿಕಡ್ಡಿಗಳ ತುದಿಗೆ ಕಾಳುಮೆಣಸು, ಏಲಕ್ಕಿ, ಲವಂಗ, ದ್ರಾಕ್ಷಿ ಸಿಕ್ಕಿಸಿ. ಒಂದನ್ನು ಕನ್ನಡಿಯೆದುರು ಹಿಡಿದು, ಕನ್ನಡಿಯಲ್ಲಿ ಕಂಡಂತೆ ಇನ್ನೊಂದನ್ನು ಮಾಡಿ. ಹೇಗೆ ತಿರುಗಿಸಿದರೂ ಎರಡೂ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಪುದೀನದಲ್ಲಿರುವುದು ಒಂದು ಬಗೆ, ಅದನ್ನು 'ಆರ್' ಎಂದು ಗುರುತಿಸುತ್ತಾರೆ. ಸಬ್ಬಸಿಗೆ ಬೀಜದಲ್ಲಿರುವುದು ಅದರ ಕನ್ನಡಿ ಬಿಂಬ, 'ಎಸ್'. ನಮ್ಮ ಮೂಗಿನೊಳಗೆ ವಾಸನೆ ಹಿಡಿಯುವ ಪ್ರೋಟೀನುಗಳಿಗೂ ಇಂಥ ಎಡ ಬಲ ಉಂಟು, ಆದ್ದರಿಂದ ಅವು ಇವೆರಡನ್ನು ಬೇರೆ ಬೇರೆಯಾಗಿಯೇ ಹಿಡಿಯುತ್ತವೆ. ಪಾಸ್ಚರ್ 1848ರಲ್ಲಿ ಟಾರ್ಟಾರಿಕ್ ಆಮ್ಲದ ಲವಣದ ಹರಳುಗಳಲ್ಲಿ ಈ ಎಡ ಬಲ ಕಂಡು ಚಿಮಟದಿಂದ ಆರಿಸಿ ಬೇರೆ ಮಾಡಿದ್ದ. ನಿಮ್ಮ ಸಾರಿನ ಹುಣಸೆಹಣ್ಣಿನ ಹುಳಿಯೂ ಟಾರ್ಟಾರಿಕ್ ಆಮ್ಲದ್ದೇ.

ಇಂಗಾಲದ ನಾಲ್ಕು ಬಂಧಗಳು ಹೀಗೆ ನಾಲ್ಕು ದಿಕ್ಕಿಗೆ ಚಾಚಿವೆ ಎಂದು 1874ರಲ್ಲಿ ಹೇಳಿದ್ದು ವಾಂಟ್ ಹಾಫ್ ಎಂಬ ರಸಾಯನವಿಜ್ಞಾನಿ, ಆಗ ಅವನಿಗೆ 22 ವರ್ಷ. ಅದೇ ವರ್ಷ ಲ ಬೆಲ್ ಕೂಡ ಬೇರೆಯಾಗಿ ಹೇಳಿದ. ಕೋಲ್ಬೆ ಎಂಬ ಹಿರಿಯ ವಿಜ್ಞಾನಿ ವಾಂಟ್ ಹಾಫ್‌ನನ್ನು, ಪಶುವೈದ್ಯ ಶಾಲೆಯಲ್ಲಿ ಕೆಲಸ ಮಾಡುವವನ ಕಲ್ಪನಾವಿಲಾಸ ಇದು ಎಂದು ಹೀಯಾಳಿಸಿದ. 1901ರಲ್ಲಿ ರಸಾಯನಶಾಸ್ತ್ರದ ಮೊದಲ ನೊಬೆಲ್ ಬಂದದ್ದು ವಾಂಟ್ ಹಾಫ್‌ಗೆ, ಅದೂ ಬೇರೆ ಕೆಲಸಕ್ಕೆ.

ಪ್ರಶ್ನೆ: ಪೆಟ್ರೋಲಿಗೆ 91, 95 ಆಕ್ಟೇನ್ ಅನ್ನುತ್ತಾರಲ್ಲ ಮೇಡಂ, ಅಷ್ಟು ಪರ್ಸೆಂಟ್ ಆಕ್ಟೇನ್ ಇರುತ್ತದಾ?
– ಬೈಕ್ ಮೆಕ್ಯಾನಿಕ್, ದಾವಣಗೆರೆ

ಉತ್ತರ: ಇಲ್ಲ ತಮ್ಮಾ. ಅದು ಹೋಲಿಕೆಯ ಅಂಕ. 1920ರ ದಶಕದಲ್ಲಿ ಗ್ರಹಾಂ ಎಡ್ಗರ್ ಎಂಬವರು ಎರಡು ವಸ್ತು ಆರಿಸಿದರು. ಎಂಜಿನ್‌ನಲ್ಲಿ ಬಡಿತ (ನಾಕಿಂಗ್) ಬರಿಸದೆ ಉರಿಯುವ ಐಸೋ-ಆಕ್ಟೇನ್‌ಗೆ 100, ವಿಪರೀತ ಬಡಿತ ಬರಿಸುವ ನೇರ ಸರಪಳಿಯ ಹೆಪ್ಟೇನ್‌ಗೆ 0. ಆ ಹೆಪ್ಟೇನ್ ಆಗ ಸಿಗುತ್ತಿದ್ದದ್ದು ಅಮೆರಿಕದ ಒಂದು ಜಾತಿಯ ಪೈನ್ ಮರದ ಅಂಟಿನಿಂದ. ನಿಮ್ಮ ಬಂಕಿನ ಪೆಟ್ರೋಲ್, 91 ಪಾಲು ಐಸೋ-ಆಕ್ಟೇನ್ 9 ಪಾಲು ಹೆಪ್ಟೇನ್ ಬೆರೆಸಿದ ಮಿಶ್ರಣದಷ್ಟೇ ಬಡಿತ ತಡೆದರೆ ಅದಕ್ಕೆ 91.

ಐಸೋ-ಆಕ್ಟೇನ್ ಎಂಬುದು ವ್ಯಾಪಾರದ ಹೆಸರು. ಐದು ಇಂಗಾಲದ ಸರಪಳಿ ಬರೆದು ಎರಡನೆಯದಕ್ಕೆ ಎರಡು ಮೀಥೈಲ್, ನಾಲ್ಕನೆಯದಕ್ಕೆ ಒಂದು ಹಾಕಿ: 2,2,4-ಟ್ರೈಮೀಥೈಲ್‌ಪೆಂಟೇನ್. ಇನ್ನೊಂದು ತುದಿಯಿಂದ ಎಣಿಸಿದರೆ 2,4,4 ಬರುತ್ತದೆ, ಮೊದಲು ವ್ಯತ್ಯಾಸ ಕಾಣುವ ಜಾಗದಲ್ಲಿ ಚಿಕ್ಕ ಅಂಕಿ ಬರಬೇಕಾದ್ದರಿಂದ ಅದು ತಪ್ಪು. ಎಂಟು ಇಂಗಾಲವೂ ನೇರ ಸಾಲಿನಲ್ಲಿರುವ ಆಕ್ಟೇನ್ ಪೆಟ್ರೋಲ್ ಎಂಜಿನ್‌ಗೆ ಹೆಪ್ಟೇನಿಗಿಂತಲೂ ಕೆಟ್ಟದ್ದು, ಅದರ ಅಂಕ ಸೊನ್ನೆಗಿಂತ ಕೆಳಗೆ. ಎಂಟು ಇಂಗಾಲ, 18 ಹೈಡ್ರೋಜನ್ ಎರಡರಲ್ಲೂ ಅಷ್ಟೇ. ಕೊಂಬೆ ಇದ್ದದ್ದು ಪಾಸು, ಇಲ್ಲದ್ದು ಫೇಲು.

ಡೀಸೆಲ್‌ಗೆ ಇದು ತಿರುವುಮುರುವು. ಅಲ್ಲಿ ಕಿಡಿಯಿಲ್ಲದೆ ಒತ್ತಡಕ್ಕೇ ಹೊತ್ತಿಕೊಳ್ಳಬೇಕು, ಹಾಗಾಗಿ ನೇರ ಸರಪಳಿಯೇ ಮೇಲು. 16 ಇಂಗಾಲದ ನೇರ ಸಾಲಿಗೆ, ಅಂದರೆ ಸೀಟೇನ್‌ಗೆ, 100 ಅಂಕ. ಕೆಳತುದಿಗೆ ಇಟ್ಟಿರುವ ಅದರ ಐಸೋಮರ್‌ಗೆ 15. ಆ ಐಸೋಮರ್ ಹೆಸರು 2,2,4,4,6,8,8-ಹೆಪ್ಟಾಮೀಥೈಲ್‌ನೊನೇನ್. ಬಾಲದಿಂದ ಓದಿ ಚಿತ್ರ ಬರೆದು ನೋಡಿ. ಇಂಗಾಲ ಎಣಿಸಿದಾಗ 16 ಬಾರದಿದ್ದರೆ ಎಲ್ಲೋ ಒಂದು ಮೀಥೈಲ್ ಬಿಟ್ಟಿದ್ದೀರಿ.